ಚಿಕ್ಕ ಪಿಸ್ತೂಲು ಸುಲಭದ ಪಿಸ್ತೂಲಲ್ಲ

ಮಾನ್ಯ ಸಂಪಾದಕರೇ,

ಮೊದಲು ಒಂದು ಹಳೆಯ ತಕರಾರು. ಕನ್ನಡ ಪತ್ರಿಕೆಗಳು ಪಿಸ್ತೂಲಿಗೂ ರಿವಾಲ್ವರಿಗೂ ಭೇದವೇ ಇಲ್ಲವೆಂಬಂತೆ ಬರೆಯುತ್ತವೆ. ‘ರಿವಾಲ್ವರಿನ ಮ್ಯಾಗಜಿನ್’ ಎಂದು ಓದಿದಾಗ ನನಗೆ ‘ಎತ್ತಿನ ಕೆಚ್ಚಲು’ ಎಂದು ಓದಿದಷ್ಟೇ ಕಸಿವಿಸಿಯಾಗುತ್ತದೆ. ರಿವಾಲ್ವರಿನಲ್ಲಿ ತೋಟೆಗಳು ತಿರುಗುವ ಉರುಳೆಯಲ್ಲಿ ಕೂರುತ್ತವೆ, ಪಿಸ್ತೂಲಿನಲ್ಲಿ ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿ. ಸೇನೆಯಲ್ಲಿ ಆಯುಧ ತರಬೇತಿಯ ಉಸ್ತಾದನಾಗಿ ವರ್ಷಗಟ್ಟಲೆ ಇದನ್ನೇ ಕೂಗಿ ಹೇಳಿದವನು ನಾನು. ಸುಬೇದಾರನಾಗಿ ನಿವೃತ್ತನಾದರೂ ಚಟ ಹೋಗಿಲ್ಲ. ಇರಲಿ, ಪತ್ರ ಬರೆಯಲು ಕೂತದ್ದು ಬೇರೆ ಕಾರಣಕ್ಕೆ.

ನಾಲ್ಕು ತಿಂಗಳಿಂದ ಟೆಕ್ಸಾಸ್‌ನ ಡಲ್ಲಾಸ್ ಸಮೀಪ ಮಗಳ ಮನೆಯಲ್ಲಿದ್ದೇನೆ. ಮಗಳು ಆಸ್ಪತ್ರೆಯೊಂದರಲ್ಲಿ ನರ್ಸ್, ಬಹುತೇಕ ರಾತ್ರಿ ಪಾಳಿ. ಗ್ರೀನ್ ಕಾರ್ಡ್ ಬಂದಿದೆ. ಒಂದು ರಾತ್ರಿ ಕಾರು ನಿಲ್ಲಿಸುವ ಜಾಗದಲ್ಲಿ ಯಾರೋ ಹಿಂದೆ ಹಿಂದೆ ಬಂದನೆಂದು ಹೆದರಿ, ಮರುವಾರವೇ ಒಂದು ಪಿಸ್ತೂಲು ಕೊಂಡಳು. ನಾನು ಬಂದ ಎರಡನೆಯ ದಿನ, ಮೊಮ್ಮಗ ಮಲಗಿದ ಮೇಲೆ, ಅದನ್ನು ಪುಟ್ಟ ತಿಜೋರಿಯಿಂದ ತೆಗೆದು ಊಟದ ಮೇಜಿನ ಮೇಲಿಟ್ಟು, “ಅಪ್ಪಾ, ಇದು ಹೇಗಿದೆ, ನೋಡಿ ಹೇಳಿ” ಎಂದಳು.

ನೋಡಲು ಚೆನ್ನಾಗಿಯೇ ಇತ್ತು. ಬಟ್ಟೆಯೊಳಗೆ ಮರೆಸಿಟ್ಟುಕೊಂಡು ಓಡಾಡಲೆಂದೇ ಮಾಡಿದ ಪಿಸ್ತೂಲು. ದಪ್ಪ ಒಂದು ಅಂಗುಲ, ತೂಕ ಅರ್ಧ ಕಿಲೋ, ನಳಿಗೆ ಮೂರು ಅಂಗುಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಕಂಪನಿಯ ಹೆಸರು ಹೇಳುವುದಿಲ್ಲ, ಜಾಹೀರಾತು ನನ್ನ ಕೆಲಸವಲ್ಲ. 2018ರಲ್ಲಿ ಸಿಗ್ ಸಾವರ್‌ನವರ ಪಿ365 ಬಂದ ಮೇಲೆ ಈ ಜಾತಿಯ ಪಿಸ್ತೂಲುಗಳಿಗೆ ಇಲ್ಲಿ ಸುಗ್ಗಿ. ಅದಕ್ಕೆ ಮೊದಲು ಇಷ್ಟು ತೆಳ್ಳಗಿನ 9 ಎಂ.ಎಂ. (ಗುಂಡಿನ ಅಡ್ಡಳತೆ) ಪಿಸ್ತೂಲುಗಳಲ್ಲಿ ಆರೇಳು ತೋಟೆ ಹಿಡಿದರೆ ಹೆಚ್ಚು. ಪಿ365ರಲ್ಲಿ ಮ್ಯಾಗಜಿನ್‌ನಲ್ಲಿ ಹತ್ತು, ನಳಿಗೆಯಲ್ಲಿ ಒಂದು. ಆಮೇಲೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ಮಗಳದ್ದೂ ಆ ಸಂತತಿಯದ್ದೇ. ಅಂಗಡಿಯವನು ಅವಳಿಗೆ ಹೇಳಿದ್ದು, “ಇದು ಹೆಂಗಸರ ಕೈಗೆ ಹೇಳಿ ಮಾಡಿಸಿದ್ದು.”

ಈ ಒಂದು ವಾಕ್ಯದ ಮೇಲೆಯೇ ನನ್ನ ಸಿಟ್ಟು.

ನಾನು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅಳಿಯ ಮೊದಲೇ ಎಚ್ಚರಿಸಿದ್ದ. ನನ್ನಂತೆ ಪ್ರವಾಸಿ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ವಶದಲ್ಲಿಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಕೆಲವು ವಿನಾಯಿತಿಗಳಿವೆ, ಅವುಗಳಲ್ಲೊಂದು, ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆಯ ಪರವಾನಗಿ ಇರುವುದು. ಹಾಗಾಗಿ ಹೊರಗಿನವರಿಗೆಂದು ಟೆಕ್ಸಾಸ್ ಕೊಡುವ ಐದು ದಿನದ ಬೇಟೆ ಪರವಾನಗಿಯನ್ನು 48 ಡಾಲರ್ ಕೊಟ್ಟು ತೆಗೆದುಕೊಂಡೆ. 1971ರ ಸೆಪ್ಟೆಂಬರ್ 2ಕ್ಕೆ ಮೊದಲು ಹುಟ್ಟಿದವರಿಗೆ ಬೇಟೆಯ ತರಬೇತಿ ತರಗತಿಯೂ ಬೇಡವಂತೆ. ಮುದುಕನಾದದ್ದರ ಮೊದಲ ಲಾಭ ಇದು. ಆ ಪರವಾನಗಿಯಲ್ಲಿ ಜಿಂಕೆ ಹೊಡೆಯುವಂತಿಲ್ಲ. ಕಾಡುಹಂದಿಗಾದರೋ ಜಮೀನಿನ ಯಜಮಾನ ಒಪ್ಪಿದರೆ ಪರವಾನಗಿಯೇ ಬೇಡ, ಇಲ್ಲಿ ಅದು ಬೆಳೆ ಹಾಳುಮಾಡುವ ಪೀಡೆ. ಇದನ್ನು ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮಣ್ಣ ಐದು ನಿಮಿಷ ಪಂದಿಕರಿಯ ಬಗ್ಗೆಯೇ ಮಾತಾಡಿದ.

ಕೊಡವನೊಬ್ಬ ಕೋವಿ ಮುಟ್ಟಲು ಚೀಟಿ ಕೊಳ್ಳಬೇಕಾಗಿ ಬಂದದ್ದು ನನಗೆ ಹೊಸ ಅನುಭವ. ನಮಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇರುವುದು ನಿಮ್ಮ ಓದುಗರಿಗೆ ಗೊತ್ತು. ಬ್ರಿಟಿಷರ ಕಾಲದಿಂದ ಬಂದ ಅದನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ರಾಜ್ಯದ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆಯುಧಗಳ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರು ನಾವು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅಂದರೆ ನಮ್ಮಲ್ಲಿ ಕೋವಿಯ ಸದ್ದು ಊರಿಗೆಲ್ಲ ಕೇಳಲೆಂದೇ ಇರುವುದು. ಅಪ್ಪನ ಜೋಡಿ ನಳಿಗೆಯ ಕೋವಿಯನ್ನು ಮರೆಸಿಟ್ಟುಕೊಂಡು ಅಂಗಳ ದಾಟುವುದೂ ಸಾಧ್ಯವಿರಲಿಲ್ಲ. ಸೊಂಟದಲ್ಲಿ ಯಾರಿಗೂ ಕಾಣದಂತೆ ಸಿಕ್ಕಿಸಿಕೊಳ್ಳುವ ಆಯುಧದ ಮುಂದೆ ನಾನು ಅಪರಿಚಿತನೇ.

ಶನಿವಾರ ಬೆಳಿಗ್ಗೆ ಗುರಿ ಹೊಡೆಯುವ ರೇಂಜಿಗೆ ಹೋದೆವು. ಒಂದು ದೊಡ್ಡ ಗೋದಾಮಿನಂಥ ಕಟ್ಟಡ, ಒಳಗೆ ಸಾಲಾಗಿ ಓಣಿಗಳು, ಗುಂಡಿಯೊತ್ತಿದರೆ ಗುರಿಯ ಕಾಗದ ತಂತಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಕಿವಿಯೊಳಗೊಂದು ಬೆಣೆ, ಅದರ ಮೇಲೊಂದು ಮುಚ್ಚಳ. ಛಾವಣಿಯ ಕೆಳಗೆ 9 ಎಂ.ಎಂ. ಸದ್ದು ಎದೆಗೇ ಬಡಿಯುತ್ತದೆ. ಕಣ್ಣಿಗೆ ಕನ್ನಡಕ. ಅಲ್ಲಿನ ಮೇಲ್ವಿಚಾರಕ ಗಡ್ಡದ ಯುವಕ, ಅಚ್ಚುಕಟ್ಟಿನವನು. ನನ್ನ ಪಾಸ್‌ಪೋರ್ಟ್, ಬೇಟೆಯ ಚೀಟಿ ಎರಡನ್ನೂ ತಿರುಗಿಸಿ ನೋಡಿ, ಬೆರಳು ಎಲ್ಲಿರಬೇಕು, ನಳಿಗೆ ಎತ್ತ ಇರಬೇಕು ಎಂದು ನನಗೂ ಪಾಠ ಹೇಳಿದ. ನಾನು ಕೈಕಟ್ಟಿ ಕೇಳಿಸಿಕೊಂಡೆ. ಉಸ್ತಾದನಿಗೆ ಪಾಠ ಹೇಳದೆ ಬಿಡುವ ರೇಂಜ್ ಒಳ್ಳೆಯ ರೇಂಜ್ ಅಲ್ಲ.

ಮೊದಲ ಆಶ್ಚರ್ಯ ತೋಟೆ ತುಂಬುವಾಗಲೇ. ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಉಕ್ಕಿನ ಹೊದಿಕೆ, ಅಂದರೆ ಸ್ಲೈಡನ್ನು ಹಿಂದಕ್ಕೆಳೆಯಲು ಮಗಳು ತುಟಿ ಕಚ್ಚಿಕೊಂಡು ಎರಡು ಸಲ ಒದ್ದಾಡಿದಳು. ಪಿಸ್ತೂಲು ಚಿಕ್ಕದಾದಷ್ಟೂ ಸ್ಲೈಡ್ ಹಗುರ. ಗುಂಡು ಹೊಡೆದಾಗ ಹಗುರವಾದ ಸ್ಲೈಡ್ ಹಿಂದಕ್ಕೆ ಹಾರುವ ವೇಗ ತಡೆಯಲು ಬಿಗಿಯಾದ ಸ್ಪ್ರಿಂಗ್ ಬೇಕು. ಹೆಂಗಸರ ಕೈಗೆ ಹೇಳಿ ಮಾಡಿಸಿದ್ದಂತೆ!

ನನ್ನ ಸರದಿ ಬಂತು. ಕೈಗೆ ಬಂದದ್ದು ಎರಡೂವರೆ ಬೆರಳಿನ ಹಿಡಿಕೆ, ಕಿರುಬೆರಳಿಗೆ ಜಾಗವಿಲ್ಲ, ಅದು ಗಾಳಿಯಲ್ಲಿ ನೇತಾಡುತ್ತದೆ. ಸೇನೆಯಲ್ಲಿ ನಾವು ಬಳಸುತ್ತಿದ್ದುದು ಇಶಾಪುರದ 9 ಎಂ.ಎಂ. 1ಎ ಪಿಸ್ತೂಲು, ಬ್ರೌನಿಂಗ್‌ನ ನಮೂನೆಯದು. ಒಂದು ಕಿಲೋಗೆ ತುಸು ಕಡಿಮೆ ತೂಕ, ಅಂಗೈ ತುಂಬುವ ಹಿಡಿಕೆ. ಇದರಲ್ಲಿ ಹೋಗುವುದೂ ಅದೇ ತೋಟೆ, ಅದೇ ಮದ್ದು. ಗುಂಡು ಮುಂದಕ್ಕೆ ಹೋಗುವ ಬಲವೇ ಪಿಸ್ತೂಲನ್ನು ಹಿಂದಕ್ಕೆ ತಳ್ಳುತ್ತದೆ. ತೂಕ ಅರ್ಧವಾದರೆ ಹಿಂದಕ್ಕೆ ಬರುವ ವೇಗ ಇಮ್ಮಡಿ, ಲೆಕ್ಕ ಇಷ್ಟೆ. ಮೊದಲ ಗುಂಡಿಗೆ ಅದು ನನ್ನ ಹೆಬ್ಬೆರಳ ಬುಡಕ್ಕೆ ಎಳಗರು ಒದ್ದಂತೆ ಒದೆಯಿತು. ನೋವಲ್ಲ, ಆದರೆ ಎರಡನೆಯ ಗುಂಡಿಗೆ ಮೊದಲು ಇಡೀ ಹಿಡಿತವನ್ನು ಹೊಸದಾಗಿ ಜೋಡಿಸಿಕೊಳ್ಳಬೇಕಾಯಿತು. ಮೂರನೆಯದರ ಬಿಸಿ ಖಾಲಿ ತೋಟೆ ಹಾರಿ ನನ್ನ ಅಂಗಿಯ ಕಾಲರಿನೊಳಗೆ ಬಿತ್ತು. ಆಗಲೂ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಪಿಸ್ತೂಲು ಕೆಳಗಿಟ್ಟು, ಆಮೇಲೆಯೇ ಕುಣಿದೆ. ಹೊಸಬರಾಗಿದ್ದರೆ ಪಿಸ್ತೂಲು ಹಿಡಿದೇ ಕುಣಿಯುತ್ತಿದ್ದರು. ರೇಂಜ್‌ಗಳಲ್ಲಿ ಅನಾಹುತವಾಗುವುದು ಹೀಗೆಯೇ.

ಟೆಕ್ಸಾಸ್‌ನಲ್ಲಿ ಪಿಸ್ತೂಲು ಒಯ್ಯುವ ಪರವಾನಗಿಗೆ ಗುರಿಯ ಪರೀಕ್ಷೆಯೊಂದಿದೆ. ಐವತ್ತು ಗುಂಡು: ಮೂರು ಗಜದಿಂದ ಇಪ್ಪತ್ತು, ಏಳು ಗಜದಿಂದ ಇಪ್ಪತ್ತು, ಹದಿನೈದು ಗಜದಿಂದ ಹತ್ತು. ಒಟ್ಟು 250 ಅಂಕ, ಪಾಸಾಗಲು 175. ಕೆಲವು ಸುತ್ತುಗಳಲ್ಲಿ ಎರಡು ಸೆಕೆಂಡಿಗೆ ಒಂದು ಗುಂಡು, ಕೆಲವದರಲ್ಲಿ ಮೂರು ಸೆಕೆಂಡಿಗೆ ಎರಡು. ಅಳಿಯ ಮೊಬೈಲ್‌ನಲ್ಲಿ ಸಮಯ ಹಿಡಿದ, ನಾನೂ ಮಗಳೂ ಆ ಪರೀಕ್ಷೆಯನ್ನೇ ಹೊಡೆದೆವು. ಮೊದಲು ಅವಳ ಚಿಕ್ಕ ಪಿಸ್ತೂಲಿನಲ್ಲಿ, ಆಮೇಲೆ ರೇಂಜಿನಲ್ಲೇ ಬಾಡಿಗೆಗೆ ಸಿಕ್ಕ, ಪೊಲೀಸರು ಸೊಂಟಕ್ಕೆ ಕಟ್ಟಿಕೊಳ್ಳುವಂಥ ದೊಡ್ಡದರಲ್ಲಿ.

ನನ್ನದು ಚಿಕ್ಕದರಲ್ಲಿ 221, ದೊಡ್ಡದರಲ್ಲಿ 242. ಮಗಳದ್ದು ಚಿಕ್ಕದರಲ್ಲಿ 158, ದೊಡ್ಡದರಲ್ಲಿ 203. ತಾನು ಕೊಂಡ ಪಿಸ್ತೂಲಿನಲ್ಲಿ ಅವಳು ನಪಾಸು. ಅಂದೇ ಮೊದಲ ಬಾರಿಗೆ ಮುಟ್ಟಿದ ದೊಡ್ಡದರಲ್ಲಿ ಆರಾಮವಾಗಿ ಪಾಸು. ಅವಳ ತೂತುಗಳೆಲ್ಲ ಎಡಗಡೆ ಕೆಳಮೂಲೆಗೆ ಸರಿದಿದ್ದವು. ಬಲಗೈಯವರು ಒದೆತಕ್ಕೆ ಹೆದರಿ ಟ್ರಿಗರನ್ನು ನಿಧಾನವಾಗಿ ಒತ್ತುವ ಬದಲು ತಟ್ಟನೆ ಜಗ್ಗಿದರೆ ಆಗುವುದು ಇದೇ. ವರ್ಷಗಟ್ಟಲೆ ರಂಗರೂಟುಗಳ ಗುರಿ ಹಲಗೆಯಲ್ಲಿ ಇದನ್ನೇ ನೋಡಿದ್ದೇನೆ. ಇನ್ನೊಂದು ಕಾರಣ, ಗುರಿ ಹಿಡಿಯಲು ಸ್ಲೈಡಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತುಗಳ ನಡುವಿನ ಅಂತರ. ಅಂತರ ಕಡಿಮೆಯಾದಷ್ಟೂ ಕಣ್ಣಿನ ಚಿಕ್ಕ ತಪ್ಪು ದೂರದಲ್ಲಿ ದೊಡ್ಡ ತಪ್ಪಾಗುತ್ತದೆ. ಮೂರು ಗಜದಲ್ಲಿ ಗೊತ್ತಾಗುವುದಿಲ್ಲ, ಹದಿನೈದು ಗಜದಲ್ಲಿ ಅವಳ ಗುಂಡುಗಳು ಕಾಗದವನ್ನೇ ಬಿಟ್ಟು ಹೋದವು. ಕಾಗದದ ಆಚೆ ರೇಂಜಿನಲ್ಲಿ ಮಣ್ಣಿನ ದಿಬ್ಬ ಇರುತ್ತದೆ ಅಥವಾ ಉಕ್ಕಿನ ಗೋಡೆ. ಬೀದಿಯಲ್ಲಿ ಯಾರಿರುತ್ತಾರೋ.

ಒಂದು ಮಾತು ಒಪ್ಪಿಕೊಳ್ಳಬೇಕು. ಯಂತ್ರವಾಗಿ ಆ ಪಿಸ್ತೂಲಿನಲ್ಲಿ ದೋಷವಿಲ್ಲ. ನೂರಕ್ಕೂ ಹೆಚ್ಚು ಗುಂಡು ಹೊಡೆದೆವು, ಒಂದೂ ಸಿಕ್ಕಿಕೊಳ್ಳಲಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟನ್ನು ಕೂಡಿಸಿದವನ ಕೈಗೆ ನಮಸ್ಕಾರ. ಪಳಗಿದವನಿಗೆ ಅದು ಒಳ್ಳೆಯ ಆಯುಧವೇ. ಪಿಟೀಲು ಚಿಕ್ಕದೆಂದು ವೀಣೆಗಿಂತ ಸುಲಭವೇನಲ್ಲವಲ್ಲ. ಆದರೆ ಮಾರಾಟವಾಗುತ್ತಿರುವುದು ಪಳಗದವರಿಗೆ, ಸುಲಭವೆಂಬ ಹೆಸರಿನಲ್ಲಿ. ಮತ್ತು 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ, ಕಾನೂನಿನ ಬೇರೆ ಅಡ್ಡಿಯಿಲ್ಲದ, 21 ವರ್ಷ ತುಂಬಿದ ಯಾರಾದರೂ ಪರವಾನಗಿಯಿಲ್ಲದೆಯೇ ಪಿಸ್ತೂಲು ಒಯ್ಯಬಹುದು. ನಾನು ಹೇಳಿದ ಐವತ್ತು ಗುಂಡಿನ ಪರೀಕ್ಷೆ ಈಗ ಬೇಕಿದ್ದವರಿಗೆ ಮಾತ್ರ. 158 ಅಂಕದ ನನ್ನ ಮಗಳು ಅಂದೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತರಕಾರಿ ಅಂಗಡಿಗೆ ಹೋಗಬಹುದಿತ್ತು.

ಇನ್ನೂ ವಿಚಿತ್ರ ಕೇಳಿ. ಅವಳಿಗೆ ಭಯ ಕಾರು ನಿಲ್ಲಿಸಿದ ಜಾಗದಿಂದ ಆಸ್ಪತ್ರೆಯ ಬಾಗಿಲಿನವರೆಗಿನ ಇನ್ನೂರು ಹೆಜ್ಜೆಯದು. ಆಸ್ಪತ್ರೆಯೊಳಗೆ ಪಿಸ್ತೂಲು ಒಯ್ಯುವಂತಿಲ್ಲ. ಆದ್ದರಿಂದ ಅದನ್ನು ಕಾರಿನಲ್ಲೇ ಬಿಟ್ಟು ನಡೆಯುತ್ತಾಳೆ! ಹನ್ನೆರಡು ಗಂಟೆ ಪಿಸ್ತೂಲು ಕಾರನ್ನು ಕಾಯುತ್ತದೆ, ಗಾಜು ಒಡೆಯುವ ಕಳ್ಳ ಬರುವವರೆಗೆ. “ಹಾಗಾದರೆ ಕೈಚೀಲದಲ್ಲಿ ಇಟ್ಟುಕೊಂಡು ಬೇರೆ ಕಡೆ ಓಡಾಡುತ್ತೇನೆ” ಎಂದಳು. 2014ರ ಡಿಸೆಂಬರ್ ಕೊನೆಯಲ್ಲಿ ಐಡಹೊ ರಾಜ್ಯದ ಹೇಡನ್ ಎಂಬ ಊರಿನ ಅಂಗಡಿಯೊಂದರಲ್ಲಿ, ತಾಯಿಯ ಕೈಚೀಲದೊಳಗೆ ಕೈಹಾಕಿದ ಎರಡು ವರ್ಷದ ಮಗುವಿನ ಕೈಯಿಂದ ಗುಂಡು ಹಾರಿ ಆ ತಾಯಿ ಸತ್ತದ್ದನ್ನು ಅಳಿಯ ನೆನಪಿಸಿದ. ನಮ್ಮ ಮೊಮ್ಮಗನಿಗೆ ಮೂರು ವರ್ಷ. ಮಗಳು ಆ ರಾತ್ರಿ ಮತ್ತೆ ಆ ಮಾತೆತ್ತಲಿಲ್ಲ.

ಇದು ಅಮೆರಿಕದವರ ತಲೆನೋವು, ನಮಗೇಕೆ ಎನ್ನುವವರಿಗೆ ಎರಡು ಮಾತು. ದೆಹಲಿಯ 2012ರ ಘಟನೆಯ ನಂತರ, 2014ರಲ್ಲಿ, ನಮ್ಮ ಕಾನ್ಪುರದ ಸರ್ಕಾರಿ ಕಾರ್ಖಾನೆಯೂ ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ ಪುಟ್ಟ ರಿವಾಲ್ವರನ್ನು (ಹೌದು, ಇದು ನಿಜಕ್ಕೂ ರಿವಾಲ್ವರ್) ಮಹಿಳೆಯರಿಗೆಂದೇ ಹೊರತಂದಿತು. ಬೆಲೆ ಒಂದು ಲಕ್ಷ 22 ಸಾವಿರದಷ್ಟು. 9 ಎಂ.ಎಂ. ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ); ನಿರ್ಭೀಕ್‌ನದ್ದು ಅದಕ್ಕಿಂತ ಸಣ್ಣ .32 ತೋಟೆ, ಅದರ ಒದೆತ ಕಡಿಮೆ. ಆದರೂ ‘ಹಗುರವಾಗಿದೆ, ಆದ್ದರಿಂದ ಹೆಂಗಸರಿಗೆ’ ಎಂಬ ತರ್ಕ ಅಲ್ಲೂ ಇದೇ. ಎರಡನೆಯದು, ಈ ಊರಿನ ಕನ್ನಡ ಬಳಗದ ಯುಗಾದಿ ಊಟದಲ್ಲಿ ಒಬ್ಬಟ್ಟು ತಿನ್ನುತ್ತ ನಾಲ್ವರು ನನಗೆ ತಮ್ಮ ತಮ್ಮ ಪಿಸ್ತೂಲಿನ ಹೆಸರು ಹೇಳಿದರು. ಕೊನೆಯ ಬಾರಿ ರೇಂಜಿಗೆ ಹೋದದ್ದು ಯಾವಾಗ ಎಂದು ಕೇಳಿದೆ. ಒಬ್ಬರು ಕೊಂಡ ವಾರ ಎಂದರು, ಇನ್ನೊಬ್ಬರು ನಕ್ಕರು, ಉಳಿದಿಬ್ಬರು ಪಾಯಸದ ಕಡೆ ಹೋದರು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ‘ನಮ್ಮ ಮಗಳ ಹತ್ತಿರ ಪಿಸ್ತೂಲಿದೆ, ಚಿಂತೆಯಿಲ್ಲ’ ಎಂದುಕೊಳ್ಳುವ ತಂದೆತಾಯಿಗಳು ನಿಮ್ಮ ಓದುಗರಲ್ಲಿ ಇರುತ್ತಾರೆ. ಮುಂದಿನ ಸಲ ವಿಡಿಯೊ ಕರೆಯಲ್ಲಿ ಊಟ ಆಯಿತೇ ಎಂದು ಕೇಳಿದ ಮೇಲೆ, ಈ ತಿಂಗಳು ಎಷ್ಟು ಗುಂಡು ಹೊಡೆದೆ ಎಂದೂ ಕೇಳಲಿ. ಉತ್ತರ ಸೊನ್ನೆಯಾದರೆ ಚಿಂತೆ ಮಾಡಲಿ.

ನನ್ನ ಐದು ದಿನದ ಬೇಟೆ ಪರವಾನಗಿ ಮುಗಿದು ಬಹಳ ದಿನವಾಯಿತು. ಈಗ ರೇಂಜಿಗೆ ಹೋದರೆ ಗಾಜಿನ ಹಿಂದೆ ಕುಳಿತು ಕಾಫಿ ಕುಡಿಯುತ್ತೇನೆ. ಕಾಫಿ ಬೆಳೆಯುವವನು ಅದನ್ನು ಕಾಫಿ ಎಂದು ಕರೆಯಬಾರದು, ಬೇರೆ ಹೆಸರು ಹೊಳೆಯುತ್ತಿಲ್ಲ. ಮಗಳು ಶನಿವಾರ ಶನಿವಾರ ಐವತ್ತರ ಒಂದು ಡಬ್ಬಿ ಮುಗಿಸುತ್ತಾಳೆ. ಕಡ್ಡಾಯವಲ್ಲದ ಪರವಾನಗಿಯ ತರಗತಿಗೂ ಹೆಸರು ಕೊಟ್ಟಿದ್ದಾಳೆ. ಅಲ್ಲಿಯವರೆಗೆ ಪಿಸ್ತೂಲು ತಿಜೋರಿಯಿಂದ ರೇಂಜಿಗೆ, ರೇಂಜಿನಿಂದ ತಿಜೋರಿಗೆ. ರಾತ್ರಿ ಪಾಳಿ ಮುಗಿದಾಗ ಆಸ್ಪತ್ರೆಯ ಕಾವಲುಗಾರನೇ ಕಾರಿನವರೆಗೆ ಜೊತೆಗೆ ಬರುತ್ತಾನೆ. ಕೇಳಿದರೆ ಬರುತ್ತಾನೆಂದು ಇಷ್ಟು ದಿನ ಅವಳಿಗೆ ಗೊತ್ತೇ ಇರಲಿಲ್ಲ. ರೇಂಜಿನಿಂದ ಮನೆಗೆ ಬಂದ ಕೂಡಲೇ ಗುಂಡಿನ ಸೀಸದ ಪುಡಿ ಹೋಗುವಂತೆ ಕೈತೊಳೆದು, ಬಟ್ಟೆ ಬದಲಿಸಿಯೇ ಮಗನನ್ನು ಎತ್ತಿಕೊಳ್ಳುತ್ತಾಳೆ.

ಕಳೆದ ವಾರದ ಅಂಕ 181. ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ, ಮೊಮ್ಮಗ ಗೀಚಿದ ಆನೆಯ ಪಕ್ಕದಲ್ಲಿ ಅಂಟಿಸಿದ್ದಾಳೆ. ಎಡಗಡೆಯ ಕೆಳಮೂಲೆಯಲ್ಲಿ ಇನ್ನೂ ನಾಲ್ಕು ತೂತುಗಳಿವೆ.

— ನಿವೃತ್ತ ಸುಬೇದಾರ್, ಪೊನ್ನಂಪೇಟೆ
(ಸದ್ಯ ಡಲ್ಲಾಸ್ ಸಮೀಪ, ಟೆಕ್ಸಾಸ್)