ಕೊಡಗಿನ ಲೆಕ್ಕವನ್ನು ಕೊಡಗಿನ ಮಕ್ಕಳೇ ಮಾಡಲಿ: ನಮ್ಮ ಶಾಸಕರಿಬ್ಬರಿಗೆ ಬಹಿರಂಗ ಪತ್ರ

ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಕೊಡಗಿನ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಾದರೂ ಅನ್ವಯಿಕ ಅರ್ಥಶಾಸ್ತ್ರ ಮತ್ತು ಸಾರ್ವಜನಿಕ ನೀತಿ ಕಲಿಸುವ ಮೂರು ವರ್ಷದ ಪದವಿ ಶುರುವಾಗಬೇಕು. ಇದಕ್ಕಾಗಿ ನೀವಿಬ್ಬರೂ ಸೇರಿ ಸರ್ಕಾರದ ಮುಂದೆ ಪಟ್ಟು ಹಿಡಿಯಬೇಕು.

ನಾನು ಈ ಜಿಲ್ಲೆಯಲ್ಲೇ ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವಳು. ಬೇಡಿಕೆಯ ನಿಯಮ, ರಾಷ್ಟ್ರೀಯ ಆದಾಯ, ಹಣದುಬ್ಬರ ಎಲ್ಲವನ್ನೂ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಪಾಸಾಗುತ್ತಾರೆ. ಆದರೆ ತಮ್ಮದೇ ಗ್ರಾಮ ಪಂಚಾಯಿತಿಯ ಬಜೆಟ್ ಕೈಗೆ ಕೊಟ್ಟರೆ ಎಲ್ಲಿಂದ ಓದಬೇಕು ಅಂತ ತಿಳಿಯುವುದಿಲ್ಲ. ತಪ್ಪು ಅವರದ್ದಲ್ಲ. ಹಾಗೆ ಓದುವುದನ್ನು ಅವರಿಗೆ ಯಾರೂ ಕಲಿಸಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು ಮಾರಲು ಹೋದವರಿಗೆಲ್ಲ ಒಟಿ (ಔಟ್‌ಟರ್ನ್) ಗೊತ್ತು. 50 ಕೆಜಿಯ ಒಂದು ಚೀಲ ಚೆರ್ರಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ ಅದು. ವ್ಯಾಪಾರಿ ಸ್ವಲ್ಪ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವಾಂಶ ನೋಡಿ ಒಟಿ ಹೇಳುತ್ತಾರೆ. ಒಂದು ಒಟಿಗೆ 200 ರೂಪಾಯಿ ಇದೆ ಅಂದುಕೊಳ್ಳಿ. 28 ಬಂದರೆ ಚೀಲಕ್ಕೆ 5,600 ರೂಪಾಯಿ. 26 ಅಂದರೆ 5,200. ನೂರು ಚೀಲಕ್ಕೆ 40,000 ರೂಪಾಯಿ ವ್ಯತ್ಯಾಸ. ಒಂದು ಮನೆಯ ಮಗಳ ಹಾಸ್ಟೆಲ್ ಖರ್ಚು ಅದು. ಅಷ್ಟೂ ನಿಂತಿರುವುದು ಒಂದಿಷ್ಟು ಸ್ಯಾಂಪಲ್ ಮೇಲೆ.

ಮನೆಯಲ್ಲಿ ಇಟ್ಟಿರುವ ಹಳೇ ರಸೀದಿಗಳನ್ನು ತರಲು ತರಗತಿಯಲ್ಲಿ ಹೇಳಿದ್ದೆ. ಒಬ್ಬ ಹುಡುಗಿಯ ಮನೆಯವರು ಒಂದೇ ತೋಟದ ಚೆರ್ರಿಯನ್ನು ಕೆಲವೇ ದಿನಗಳ ಅಂತರದಲ್ಲಿ ಎರಡು ಕಡೆ ಮಾರಿದ್ದರು. ಎರಡು ಕಡೆ ಎರಡು ಒಟಿ. ಅವಳು ಯಾರ ಮೇಲೂ ದೂರು ಹೇಳಲಿಲ್ಲ. "ಮೇಡಂ, ಎಷ್ಟು ಚೀಲದಿಂದ ಸ್ಯಾಂಪಲ್ ತೆಗೆದರೆ ನಂಬಬಹುದು?" ಅಂತ ಕೇಳಿದಳು. ಸಂಖ್ಯಾಶಾಸ್ತ್ರದ ಇಡೀ ಒಂದು ಭಾಗ ಇರುವುದೇ ಈ ಪ್ರಶ್ನೆಗೆ ಉತ್ತರ ಹೇಳಲು. ನಮ್ಮ ಈಗಿನ ಪಠ್ಯದಲ್ಲಿ ಅದಕ್ಕೆ ಸರಿಯಾದ ಜಾಗವೇ ಇಲ್ಲ.

ಅಲ್ಲಿಂದ ಮುಂದಿನ ಪ್ರಶ್ನೆಯೂ ದೂರ ಇಲ್ಲ. ಕೊಡುವವರು, ಕೊಳ್ಳುವವರಲ್ಲಿ ಒಬ್ಬರಿಗೆ ಮಾತ್ರ ಮಾಹಿತಿ ಜಾಸ್ತಿ ಇದ್ದರೆ ಮಾರುಕಟ್ಟೆ ಏನಾಗುತ್ತದೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ವ್ಯಾಪಾರ ಇಟ್ಟುಕೊಂಡು ಇದನ್ನೇ ವಿವರಿಸಿದರು. 2001ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ನಮ್ಮ ಮಕ್ಕಳಿಗೆ ಹಳೇ ಕಾರು ಬೇಡ, ಅಂಗಳದಲ್ಲಿ ಒಣಗುತ್ತಿರುವ ಚೆರ್ರಿ ಸಾಕು. ಇನ್ನು ಸಹಕಾರ ಸಂಘದಲ್ಲಿ ಒಂದು ಪರೀಕ್ಷಾ ಯಂತ್ರ ಇಟ್ಟರೆ ಏನಾಗುತ್ತದೆ, ಶುಲ್ಕ ಎಷ್ಟಿರಬೇಕು, ಬೆಳೆಗಾರರು ಬರುತ್ತಾರಾ, ಬಂದರೆ ವ್ಯಾಪಾರಿ ಆ ಒಟಿ ಒಪ್ಪುತ್ತಾರಾ? ಸಾರ್ವಜನಿಕ ನೀತಿ ಅನ್ನುವುದು ಇಂಥ ಪ್ರಶ್ನೆಗಳ ಓದು.

ಮೆಣಸಿನ ವಿಚಾರ ನಿಮಗೆ ಹೇಳಬೇಕಾಗಿಲ್ಲ. ವಿಯೆಟ್ನಾಂ ಮೆಣಸು ಕಡಿಮೆ ಸುಂಕದ ಶ್ರೀಲಂಕಾ ದಾರಿಯಲ್ಲಿ ಬರುತ್ತಿದೆ ಅಂತ ಬೆಳೆಗಾರರು ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ದರ ಹಾಕಿತು. ಅದರಿಂದ ಗೋಣಿಕೊಪ್ಪದಲ್ಲಿ ಬೆಲೆ ಏರಿತಾ? ಇಲ್ಲಿ ಬೆಲೆ ಬದಲಾದರೆ ಅದು ನಿಯಮದಿಂದಲೋ ಅಥವಾ ಹೊರದೇಶದಲ್ಲೇ ಬೆಲೆ ಬದಲಾದದ್ದರಿಂದಲೋ? ಬರೀ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ನೋಡಿದರೆ ಉತ್ತರ ಸಿಗುವುದಿಲ್ಲ. ಕಾರಣವನ್ನು ಬಿಡಿಸಿ ನೋಡುವ ವಿಧಾನಗಳಿವೆ. ಒಬ್ಬ ಪದವಿ ವಿದ್ಯಾರ್ಥಿ ಮೂರನೇ ವರ್ಷದಲ್ಲಿ ಮಾಡಬಹುದಾದ ಕೆಲಸ ಅದು. ಅಂಥ ಅಧ್ಯಯನ ನಿಮ್ಮ ಕೈಯಲ್ಲಿದ್ದರೆ ಸದನದಲ್ಲಿ ನಿಮ್ಮ ಮಾತಿನ ತೂಕವೇ ಬೇರೆ, ಅಲ್ವಾ?

ಆನೆ ಹಾವಳಿಯೂ ಹಾಗೇ. ಒಂದು ಕಡೆ ರೈಲು ಕಂಬಿಯ ತಡೆ ಹಾಕಿದರೆ ಆನೆ ಪಕ್ಕದ ಊರಿಗೆ ತಿರುಗುತ್ತದಾ ಅನ್ನುವುದನ್ನೂ ಸೇರಿಸಿ ಲಾಭ-ನಷ್ಟ ನೋಡಬೇಕು. ತಡೆ ಹಾಕಿದ ಊರಿನ ಪರಿಹಾರದ ಅರ್ಜಿ ಕಡಿಮೆಯಾಯಿತು ಅಂತ ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ನಾನು ಬೆಳೆಗಾರರ ಲೆಕ್ಕ ಮಾತ್ರ ಹೇಳುತ್ತಿಲ್ಲ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿರುವ ಯರವ, ಜೇನು ಕುರುಬ ಆದಿವಾಸಿ ಕುಟುಂಬಗಳ ಮಕ್ಕಳು ಈ ತರಗತಿಯಲ್ಲಿ ಇರಲೇಬೇಕು. ಹೊರಗಿನವರು ಪ್ರಶ್ನಾವಳಿ ಹಿಡಿದು ಬಂದರೆ "ದಿನಗೂಲಿ ಎಷ್ಟು?" ಅಂತ ಕೇಳಿ ಹೋಗುತ್ತಾರೆ. ಅದೇ ಮನೆಯ ಮಗಳು ಪ್ರಶ್ನಾವಳಿ ಮಾಡಿದರೆ ಮುಂಗಡ ಎಷ್ಟು, ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಇಲ್ಲ, ರೇಷನ್ ಕಾರ್ಡ್ ಯಾವ ವಿಳಾಸದಲ್ಲಿದೆ ಅಂತ ಕೇಳುತ್ತಾಳೆ. ನನಗೆ ಈ ಕೋರ್ಸಿನ ಮೇಲೆ ಇಷ್ಟು ಆಸೆ ಇರುವುದು ಎಲ್ಲಕ್ಕಿಂತ ಹೆಚ್ಚಾಗಿ ಇದೇ ಕಾರಣಕ್ಕೆ.

ಬೆಂಗಳೂರಿಗೆ ಹೋಗಿ ಓದಲಿ ಅಂತ ನೀವು ಹೇಳಬಹುದು. ಅಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ, ನಿಜ. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಇದೆ, ಅದು ಮುಖ್ಯವಾಗಿ ಸಂಶೋಧನೆಯ ಜಾಗ. ಬಾಡಿಗೆ, ಊಟ, ಓಡಾಟದ ಖರ್ಚು ಎಷ್ಟು ಮನೆಗಳಿಗೆ ಆಗುತ್ತದೆ? ಅದಕ್ಕಿಂತ ದೊಡ್ಡ ಅಡ್ಡಿ ಗಣಿತ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಹನ್ನೆರಡನೇ ತರಗತಿಯಲ್ಲಿ ಗಣಿತ ಓದಿರಬೇಕು. ನಮ್ಮ ಕಲಾ ವಿಭಾಗದ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಗಣಿತ ಬಿಟ್ಟವರು. ಹದಿನಾರನೇ ವಯಸ್ಸಿಗೆ ಮಾಡಿದ ಆಯ್ಕೆಯಿಂದ ಬಾಗಿಲು ಮುಚ್ಚಬಾರದು. ಆದ್ದರಿಂದ ಮೊದಲ ಸೆಮಿಸ್ಟರ್‌ನಲ್ಲೇ ಅವರಿಗಾಗಿ ಕನ್ನಡದಲ್ಲಿ ಗಣಿತದ ಸೇತು ತರಗತಿ ಇಡಬೇಕು.

2024ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ. ಆ ಚೌಕಟ್ಟಿನೊಳಗೇ ಇದು ಸಾಧ್ಯ. ಎರಡನೇ ವರ್ಷದಿಂದ ಸಂಖ್ಯಾಶಾಸ್ತ್ರ, ಕಂಪ್ಯೂಟರ್‌ನಲ್ಲಿ ದತ್ತಾಂಶದ ಕೆಲಸ, ಬಜೆಟ್ ಓದುವ ಅಭ್ಯಾಸ. ಕೊನೆಯ ಸೆಮಿಸ್ಟರ್ ಪೂರ್ತಿ ಒಂದು ಗ್ರಾಮ ಪಂಚಾಯಿತಿಯಲ್ಲಿ ಕೆಲಸ, ಕೊನೆಗೆ ಕನ್ನಡದಲ್ಲಿ ಬರೆದ ವರದಿಯನ್ನು ಗ್ರಾಮ ಸಭೆಯಲ್ಲಿ ಓದುವುದು. ಅಲ್ಲಿ ಕೂತ ಜನ ಪ್ರಶ್ನೆ ಕೇಳಲಿ. ಅದಕ್ಕೂ ಅಂಕ ಇರಲಿ. 2018ರ ಭೂಕುಸಿತದ ನಂತರ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಮನೆ ಪಡೆದವರು ಈಗ ಕೆಲಸಕ್ಕೆ ಎಷ್ಟು ದೂರ ಹೋಗುತ್ತಾರೆ, ಹಳೇ ತೋಟ ಏನಾಯಿತು ಅಂತ ವರ್ಷವರ್ಷವೂ ನೋಡುತ್ತಾ ಹೋಗಲು ಊರಿನ ಕಾಲೇಜಿಗಿಂತ ಸರಿಯಾದ ಜಾಗ ಇನ್ನೊಂದಿಲ್ಲ.

ಚಿಕ್ಕಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬಂತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ನಮಗೆಲ್ಲ ಸಂಕಟವಾಯಿತು. ಬೇರೆಲ್ಲೂ ಸಿಗದ ಒಂದು ಪದವಿ ಇಲ್ಲಿದ್ದರೆ ವಿಶ್ವವಿದ್ಯಾಲಯವನ್ನು ಉಳಿಸಿಕೊಳ್ಳಿ ಅನ್ನಲು ನಿಮಗೂ ಗಟ್ಟಿ ಕಾರಣ ಇರುತ್ತದೆ.

ಖರ್ಚು ದೊಡ್ಡದಲ್ಲ. ಸಂಖ್ಯಾಶಾಸ್ತ್ರಕ್ಕೆ ಒಬ್ಬರು, ಅರ್ಥಶಾಸ್ತ್ರಕ್ಕೆ ಇಬ್ಬರು ಕಾಯಂ ಉಪನ್ಯಾಸಕರು ಬೇಕು. ಅತಿಥಿ ಉಪನ್ಯಾಸಕರನ್ನು ವರ್ಷಕ್ಕೊಮ್ಮೆ ಬದಲಿಸುತ್ತಾ ಇಂಥ ಕೋರ್ಸ್ ನಡೆಸಲು ಆಗುವುದಿಲ್ಲ. ಒಂದು ಕಂಪ್ಯೂಟರ್ ಲ್ಯಾಬ್ ಬೇಕು. ಲೆಕ್ಕದ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಜಿಲ್ಲಾ ಪಂಚಾಯಿತಿ ಮತ್ತು ತೋಟಗಾರಿಕೆ ಇಲಾಖೆ ತಮ್ಮ ಅಂಕಿಅಂಶಗಳನ್ನು ಮಕ್ಕಳಿಗೆ ಕೊಡಬೇಕು ಅಂತ ಒಂದು ಆದೇಶ ಬೇಕು, ಅದಕ್ಕೆ ದುಡ್ಡೇ ಬೇಡ.

ಪಠ್ಯಕ್ರಮದ ಕರಡು ನನ್ನ ಹತ್ತಿರ ಸಿದ್ಧವಿದೆ. ಮುಂದಿನ ಪ್ರವೇಶ ಶುರುವಾಗುವ ಮೊದಲು ಉನ್ನತ ಶಿಕ್ಷಣ ಸಚಿವರ ಜೊತೆ ಒಂದು ಸಭೆ ಕರೆಸಿ. ಕರಡು ತೆಗೆದುಕೊಂಡು ಬರುತ್ತೇನೆ, ಒಟಿಯ ಪ್ರಶ್ನೆ ಕೇಳಿದಂಥ ಇಬ್ಬರು ಮೂವರು ವಿದ್ಯಾರ್ಥಿಗಳನ್ನೂ ಕರೆತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಅರ್ಥಶಾಸ್ತ್ರ ಉಪನ್ಯಾಸಕಿ, ಕೊಡಗು