ಓಡ್ಸಲ್‌ನ ಆ ಬುಧವಾರ ಸಂಜೆ

ಆತ್ಮೀಯ ಓದುಗರೇ,

ಸಂಘದ ಕಾರ್ಯಕ್ರಮಕ್ಕೆ ಬ್ರಾಡ್‌ಫರ್ಡ್‌ಗೆ ಬರುವಾಗ ಓಡ್ಸಲ್ ರೌಂಡ್‌ಅಬೌಟ್ ದಾಟಿ ಬರುವವರು ನಮ್ಮಲ್ಲಿ ತುಂಬಾ ಜನ. ಅಲ್ಲೇ ಪಕ್ಕದಲ್ಲಿ ಒಂದು ದೊಡ್ಡ ಸ್ಟೇಡಿಯಂ ಇದೆ. ರಸ್ತೆಯಿಂದ ಹೆಚ್ಚೇನೂ ಕಾಣುವುದಿಲ್ಲ, ಯಾಕೆಂದರೆ ಮೈದಾನ ಇರುವುದು ಬಾಣಲೆಯ ಹಾಗೆ ಕೆಳಗೆ, ಆಳದಲ್ಲಿ. ಹತ್ತು ವರ್ಷ ನಾನೂ ಅದನ್ನು ದಾಟಿ ಹೋಗಿದ್ದೇನೆ, ಒಮ್ಮೆಯೂ ನಿಂತು ನೋಡಿರಲಿಲ್ಲ.

1954ರ ಮೇ 5ರ ಸಂಜೆ ಆ ಬಾಣಲೆಯೊಳಗೆ 1,02,569 ಜನ ಇದ್ದರು. ಇದು ಟಿಕೆಟ್ ಲೆಕ್ಕ. ಬೇಲಿ ದಾಟಿ ಬಂದವರೂ ಇದ್ದರು, ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ರಗ್ಬಿ ಲೀಗ್ ಆಟಕ್ಕೆ ಅಷ್ಟು ಜನ ಸೇರಿದ ಆ ದಾಖಲೆಯನ್ನು ಮುರಿಯಲು 1999ರವರೆಗೆ ಕಾಯಬೇಕಾಯಿತು, ಅದೂ ಸಿಡ್ನಿಯಲ್ಲಿ.

ಆಗಿದ್ದು ಇಷ್ಟು. ಆ ವರ್ಷ ರಗ್ಬಿ ಲೀಗಿನ ಚಾಲೆಂಜ್ ಕಪ್ ಫೈನಲ್‌ಗೆ ಬಂದವರು ಹ್ಯಾಲಿಫ್ಯಾಕ್ಸ್ ಮತ್ತು ವಾರಿಂಗ್ಟನ್ ತಂಡದವರು. ಲಂಡನ್‌ನ ವೆಂಬ್ಲಿಯಲ್ಲಿ ಪಂದ್ಯ 4–4ಕ್ಕೆ ಮುಗಿಯಿತು. ಎರಡೂ ಕಡೆ ಬರೀ ಒದ್ದು ಗಳಿಸಿದ ಗೋಲುಗಳು, ಒಂದೇ ಒಂದು ಟ್ರೈ ಇಲ್ಲ. ಹಾಗಾಗಿ ಹನ್ನೊಂದು ದಿನ ಬಿಟ್ಟು ಬುಧವಾರ ಓಡ್ಸಲ್‌ನಲ್ಲಿ ಮತ್ತೆ ಆಡಬೇಕಾಯಿತು. ಲಂಡನ್ ದೂರ, ಓಡ್ಸಲ್ ಹತ್ತಿರ. ಕೆಲಸ ಮುಗಿಸಿಕೊಂಡೇ ಜನ ಹೊರಟರು. ಬೆಟ್ಟದ ಆ ಕಡೆಯ ವಾರಿಂಗ್ಟನ್‌ನಿಂದ ಹೊರಟ ಬಸ್ಸುಗಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡವು.

ಟ್ರೈ ಅಂದರೆ ಏನು ಅಂತ ಕೇಳಿದ ಮಕ್ಕಳಿಗೆ ನಾನು ಕಬಡ್ಡಿ ನೆನಪಿಸುತ್ತೇನೆ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗಬೇಕು, ಅವರು ಹಿಡಿದು ಕೆಡವುವ ಮೊದಲು ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಬೇಕು. ಆ ಕಾಲದಲ್ಲಿ ಅದಕ್ಕೆ 3 ಅಂಕ. ಓಡ್ಸಲ್‌ನಲ್ಲಿ ವಾರಿಂಗ್ಟನ್‌ಗೆ ಅಂಥವು ಎರಡು ಸಿಕ್ಕವು, ಒಂದು ಚಾಲಿನರ್, ಇನ್ನೊಂದು ಗೆರ್ರಿ ಹೆಲ್ಮ್. ಕೊನೆಗೆ 8–4ಕ್ಕೆ ವಾರಿಂಗ್ಟನ್ ಗೆದ್ದಿತು. ಮೂರೇ ದಿನಕ್ಕೆ ಮ್ಯಾಂಚೆಸ್ಟರ್‌ನ ಮೇನ್ ರೋಡ್‌ನಲ್ಲಿ ಲೀಗಿನ ಫೈನಲ್, ಮತ್ತೆ ಅದೇ ಎರಡು ತಂಡ! ಈ ಸಲ 8–7. ಹ್ಯಾಲಿಫ್ಯಾಕ್ಸ್‌ನವರ ಹೊಟ್ಟೆ ಎಷ್ಟು ಉರಿದಿರಬೇಡ, ಒಂದೇ ಒಂದು ಅಂಕ.

ವಾರಿಂಗ್ಟನ್ ಪರ ಆಡಿದವರಲ್ಲಿ ಬ್ರಯಾನ್ ಬೆವನ್ ಅಂತ ಒಬ್ಬರಿದ್ದರು. ಆಸ್ಟ್ರೇಲಿಯಾದ ನೌಕಾಪಡೆಯಲ್ಲಿದ್ದವರು, ಯುದ್ಧ ಮುಗಿಯುವ ಹೊತ್ತಿಗೆ ಇಲ್ಲಿಗೆ ಬಂದು ಇಲ್ಲೇ ಉಳಿದರು. ಫೋಟೋ ನೋಡಿ: ಬೋಳು ತಲೆ, ಕಡ್ಡಿಯಂಥ ಮೈ, ಮೊಣಕಾಲಿಗೆ ಸುತ್ತಿದ ಬಟ್ಟೆ. ಆಟಗಾರ ಅಂದರೆ ನಂಬುವುದು ಕಷ್ಟ. ಆದರೆ 796 ಟ್ರೈ ಗಳಿಸಿದ್ದಾರೆ. ಅದನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ದೂರದೂರಿನಿಂದ ಬಂದು ಈ ಊರುಗಳವನೇ ಆಗಿಬಿಟ್ಟ ಮನುಷ್ಯ ಅಂತ ನನಗೆ ಅವರ ಮೇಲೆ ಸ್ವಲ್ಪ ಜಾಸ್ತಿ ಅಭಿಮಾನ.

ಇದು ಕೂಲಿಯ ಆಟ, ಆ ಮಾತನ್ನು ಗೌರವದಿಂದಲೇ ಹೇಳುತ್ತಿದ್ದೇನೆ. ಗಣಿ, ಮಿಲ್ಲುಗಳಲ್ಲಿ ಶನಿವಾರವೂ ಕೆಲಸ ಇತ್ತು. ಆಡಲು ಹೋದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಅದನ್ನು ಕಟ್ಟಿಕೊಡಿ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು, ರಗ್ಬಿಯ ದೊಡ್ಡವರು ಒಪ್ಪಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಆ ಕ್ಲಬ್ಬುಗಳು ಬೇರೆಯಾದವು, ರಗ್ಬಿ ಲೀಗ್ ಹುಟ್ಟಿದ್ದು ಹಾಗೆ. ಯುದ್ಧದ ನಂತರವೂ ಹೆಚ್ಚಿನ ಆಟಗಾರರಿಗೆ ಹಗಲಲ್ಲಿ ಬೇರೆ ಕೆಲಸ ಇತ್ತು. ನೋಡಲು ಬರುವವರೂ ಅದೇ ಕೆಲಸದವರು. 1954ರ ಮೇ ತಿಂಗಳಲ್ಲಿ ಮಾಂಸಕ್ಕೆ ಇನ್ನೂ ರೇಷನ್ ಇತ್ತು, ಅದು ಮುಗಿದದ್ದು ಜುಲೈನಲ್ಲಿ. ಅಂಥ ದಿನಗಳಲ್ಲಿ ಜನ ಕಾಸು ಕೂಡಿಸಿ ಆಟಕ್ಕೆ ಹೋದರು.

ನಮ್ಮ ಬೀದಿಯಲ್ಲಿ ಹ್ಯಾಲಿಫ್ಯಾಕ್ಸ್‌ನ ಅಜ್ಜ ಒಬ್ಬರಿದ್ದಾರೆ. ಆ ಸಂಜೆ ಅವರಿಗೆ ಒಂಬತ್ತು ವರ್ಷ, ಅಪ್ಪನ ಜೊತೆ ಓಡ್ಸಲ್‌ಗೆ ಹೋಗಿದ್ದರು. ಏನು ನೋಡಿದಿರಿ ಅಂತ ಕೇಳಿದೆ. ಆಟ ಕಾಣಿಸಲೇ ಇಲ್ಲವಂತೆ. ಬರೀ ಕೋಟುಗಳ ಬೆನ್ನು. ಆಟಗಾರರ ಕೋಣೆ ಮೇಲುಗಡೆ ಇತ್ತು, ಅವರು ಜನರ ನಡುವೆಯೇ ಇಳಿದು ಮೈದಾನಕ್ಕೆ ಹೋಗಬೇಕಿತ್ತು. ಹಾಗೆ ಹೋಗುವಾಗ ಒಬ್ಬರ ನೀಲಿ ಜೆರ್ಸಿಯ ತೋಳು ಇವರ ಕೆನ್ನೆಗೆ ತಾಗಿತಂತೆ. ವಾಪಸ್ ಬಸ್ಸಿನಲ್ಲಿ ಜಾಗ ಸಿಗದೆ ಅಪ್ಪ ಮಗ ಕತ್ತಲಲ್ಲಿ ಹ್ಯಾಲಿಫ್ಯಾಕ್ಸ್‌ವರೆಗೆ ನಡೆದರು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಇದನ್ನು ಹೇಳುವಾಗ ಅಜ್ಜ ಕೆನ್ನೆ ಮುಟ್ಟಿಕೊಂಡರು.

ನಿಮ್ಮ ಬೀದಿಯಲ್ಲೂ ಇಂಥವರು ಇರುತ್ತಾರೆ, ಅಲ್ವಾ? ಅವರಿಗೆಲ್ಲ ಈಗ ಎಂಬತ್ತು ದಾಟಿದೆ. ಚಹಾಕ್ಕೆ ಕರೆಯಿರಿ, ಕೇಳಿ, ಬರೆದು ಕಳಿಸಿ. ಅರ್ಧ ಪುಟವಾದರೂ ಸಾಕು. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಇದಕ್ಕೇ ಬಿಟ್ಟಿರುತ್ತೇನೆ.

– ಸಂಪಾದಕ