ಬದಲಾಗಬೇಕಿರುವುದು ಇಡೀ ಕಂಪ್ಯೂಟರೇ, ಒಂದು ಬಿಡಿಭಾಗವೇ?

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಉಚಿತವಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿದ ನಂತರ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಸಹಕಾರ ಸಂಘಗಳಲ್ಲಿ, ಖಾಸಗಿ ಶಾಲೆಗಳಲ್ಲಿ, ಕಾಫಿ ತೋಟದ ರೈಟರುಗಳು ಕೂರುವ ಆಫೀಸುಗಳಲ್ಲಿ ‘ಇರುವ ಸೆಟ್ಟುಗಳನ್ನೆಲ್ಲ ತೆಗೆದು ಹೊಸದನ್ನೇ ಹಾಕಿಸಬೇಕಂತೆ’ ಎಂಬ ಮಾತು ಬಲವಾಗಿ ಕೇಳಿಬರುತ್ತಿದೆ. ಮಾರುವವರು ಹಾಗೆ ಹೇಳುವುದು ಅವರ ವ್ಯಾಪಾರ. ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಸದಸ್ಯರ ಷೇರು ಹಣದಿಂದಲೋ ಮಕ್ಕಳ ಶುಲ್ಕದಿಂದಲೋ ನಡೆಯುವ ಸಂಸ್ಥೆಗಳ ಆಡಳಿತ ಮಂಡಳಿಗಳು, ಯಂತ್ರದ ಯಾವ ಭಾಗ ಸೋತಿದೆ ಎಂದು ವಿಚಾರಿಸದೆ ಇಡೀ ಯಂತ್ರದ ಖರೀದಿಗೆ ಠರಾವು ಮಾಡುತ್ತಿರುವುದನ್ನು ಕಂಡು, ಇಂಥದೇ ಒಂದು ಸಂಘದಲ್ಲಿ ಬಹುಕಾಲದಿಂದ ಲೆಕ್ಕ ಬರೆಯುತ್ತಿರುವ ನೌಕರನಾಗಿ ಈ ಪತ್ರ ಬರೆಯುತ್ತಿದ್ದೇನೆ.

ವಿಂಡೋಸ್ ವಿಚಾರವನ್ನು ಮೊದಲು ಮುಗಿಸುತ್ತೇನೆ. ವಿಂಡೋಸ್ 11 ಹಾಕಲು ಕನಿಷ್ಠ 4 ಜಿಬಿ ರ‍್ಯಾಮ್ (ಯಂತ್ರ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪು), 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು, ಇಂಟೆಲ್ ಕಂಪನಿಯದಾದರೆ, ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಎಂದರೆ 2018ರ ನಂತರ ಕೊಂಡ, ಅಸಲಿ ವಿಂಡೋಸ್ 10 ಇರುವ ಅನೇಕ ಯಂತ್ರಗಳಿಗೆ ಅದನ್ನು ಹಣ ಕೊಡದೆಯೇ ಹಾಕಿಕೊಳ್ಳಬಹುದು. ಕೆಲವು ಯಂತ್ರಗಳಲ್ಲಿ ಟಿಪಿಎಂ ಸೌಲಭ್ಯ ಇದ್ದರೂ, ಯಂತ್ರ ಆರಂಭವಾಗುವಾಗ ತೆರೆಯಬಹುದಾದ ಬಯೋಸ್ ಎಂಬ ಸೆಟ್ಟಿಂಗ್‌ನಲ್ಲಿ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡದೆ ಪರೀಕ್ಷಿಸಿ ‘ಇದಕ್ಕೆ ಬರುವುದಿಲ್ಲ’ ಎಂದು ತೀರ್ಪು ಕೊಡುವವರೂ ಇದ್ದಾರೆ. ನಿಜವಾಗಿಯೂ ಹಳೆಯದಾದ ಯಂತ್ರಗಳಿಗೆ ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ, ಸಂಸ್ಥೆಗಳಿಗೆ ಹಣ ಪಡೆದು ಗರಿಷ್ಠ ಮೂರು ವರ್ಷದವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಿದೆಯಾದರೂ, ಸಂಸ್ಥೆಗಳು ತೆರಬೇಕಾದ ದರ ವರ್ಷ ವರ್ಷಕ್ಕೆ ದುಪ್ಪಟ್ಟಾಗುವುದರಿಂದ ಅದು ಹೆಚ್ಚು ಕಾಲ ನಂಬಿ ಕೂರುವ ದಾರಿಯಲ್ಲ. ಸದಸ್ಯರ ಸಾಲದ ಖಾತೆಗಳಿರುವ, ಸದಾ ಇಂಟರ್‌ನೆಟ್ಟಿಗೆ ಹೊಂದಿಕೊಂಡಿರುವ ಯಂತ್ರವನ್ನು ಅಪ್‌ಡೇಟ್ ಇಲ್ಲದೆ ನಡೆಸಬೇಕೆಂದು ನಾನು ವಾದಿಸುವುದಿಲ್ಲ. ಅಂಥವುಗಳನ್ನು ಬದಲಾಯಿಸಲೇಬೇಕು. ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸುವುದಕ್ಕೆ ಮಾತ್ರ ನನ್ನ ಆಕ್ಷೇಪ.

‘ಕಂಪ್ಯೂಟರ್ ತುಂಬಾ ಸ್ಲೋ’ ಎಂಬುದು ಖರೀದಿಯ ಪರವಾಗಿ ಎಲ್ಲ ಸಭೆಗಳಲ್ಲೂ ಬರುವ ಕಾರಣ. ಹೀಗೆನ್ನುವ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕೆಂದು ನನ್ನ ಕೋರಿಕೆ. ಪ್ರೊಸೆಸರ್ ಶೇಕಡಾ 10ರ ಆಸುಪಾಸಿನಲ್ಲಿ ಸುಮ್ಮನಿದ್ದು, ‘ಡಿಸ್ಕ್’ ಎಂಬ ಸಾಲು ಮಾತ್ರ ಶೇಕಡಾ 100ಕ್ಕೆ ಏರಿ ಇಳಿಯದೆ ನಿಂತಿರುವುದು ಹಳೆಯ ಯಂತ್ರಗಳಲ್ಲಿ ಬಹಳ ಸಾಮಾನ್ಯವಾದ ನೋಟ. ಹಾರ್ಡ್ ಡಿಸ್ಕ್ ಎಂಬುದು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಸೂಜಿಯಂಥ ತೋಳೊಂದು ಓಡಾಡಿ ಮಾಹಿತಿ ಹುಡುಕುವ ಸಾಧನವಾದ್ದರಿಂದ, ಆಂಟಿವೈರಸ್, ಅಪ್‌ಡೇಟ್, ಬ್ರೌಸರ್, ಲೆಕ್ಕ ಬರೆಯುವ ಟ್ಯಾಲಿ ಎಲ್ಲವೂ ಏಕಕಾಲಕ್ಕೆ ಕೇಳಿದಾಗ ಅದು ಯಾರಿಗೂ ಸರಿಯಾಗಿ ಉತ್ತರಿಸಲಾರದು. ಅದರ ಜಾಗದಲ್ಲಿ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿ, ಹಳೆಯದರಲ್ಲಿರುವುದನ್ನೆಲ್ಲ ಹಾಗೆಯೇ ಅದಕ್ಕೆ ನಕಲು (ಕ್ಲೋನ್) ಮಾಡಿದರೆ, ಬೆಳಿಗ್ಗೆ ಸ್ವಿಚ್ ಒತ್ತಿ ಕಾಫಿ ಕುಡಿದು ಬರುವವರೆಗೂ ತೆರೆದುಕೊಳ್ಳದ ಯಂತ್ರ ನಾವು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಸಿದ್ಧವಾಗಿರುತ್ತದೆ. ರ‍್ಯಾಮ್ ಸಾಲದಿದ್ದರೂ ಯಂತ್ರ ನಿಧಾನವಾಗುತ್ತದೆ. ರ‍್ಯಾಮ್ ಬೆಲೆ 2025ರ ಕೊನೆಯ ತಿಂಗಳುಗಳಿಂದ ಎಐ ಕೇಂದ್ರಗಳ ಬೇಡಿಕೆಯ ಕಾರಣಕ್ಕೆ ಏರಿದೆ, ಒಪ್ಪುತ್ತೇನೆ. ಆದರೆ ಪಕ್ಕದ ಕೋಣೆಯಲ್ಲಿ ಕೆಟ್ಟು ಕೂತಿರುವ ಯಂತ್ರದಲ್ಲಿ ಅದೇ ಬಗೆಯ ರ‍್ಯಾಮ್ ಇದ್ದರೆ ಅದನ್ನು ಬಿಚ್ಚಿ ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಡಿಡಿಆರ್ 3 ಬಗೆಯದರ ಜಾಗಕ್ಕೆ ಡಿಡಿಆರ್ 4 ಬಗೆಯದು ಕೂರುವುದಿಲ್ಲ ಎಂಬುದೊಂದನ್ನು ನೋಡಿಕೊಂಡರೆ ಸಾಕು.

ಮಲೆನಾಡಿನ ಕಚೇರಿಗಳಿಗೇ ವಿಶೇಷವಾದ ಇನ್ನೊಂದು ತೊಂದರೆಯಿದೆ. ಕಾಫಿಯ ಹೂಮಳೆಯ ಕಾಲದಿಂದ ಹಿಡಿದು ಮುಂಗಾರು ಮುಗಿಯುವವರೆಗೂ ಸಿಡಿಲಿಗೆ ಹೆದರಿ ಸಂಜೆ ಮನೆಗೆ ಹೊರಡುವಾಗ ಮೇನ್ ಸ್ವಿಚ್ಚನ್ನೇ ಆಫ್ ಮಾಡುವುದು ನಮ್ಮ ಕಡೆಯ ರೂಢಿ, ಮತ್ತು ಅದು ಸರಿಯಾದ ರೂಢಿಯೂ ಹೌದು. ಹಾಗೆ ಮಾಡಿದಾಗ ಕಂಪ್ಯೂಟರಿನ ಒಳಗಿನ ಗಡಿಯಾರ ನಡೆಯುವುದು ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಒಂದು ಸೆಲ್ಲಿನ ಬಲದಿಂದ ಮಾತ್ರ. ಸಿಆರ್ 2032 ಎಂದು ಅದರ ಮೇಲೆಯೇ ಬರೆದಿರುತ್ತದೆ. ಮೂರು ವೋಲ್ಟಿನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆ ಸೆಲ್ ಮುಗಿದರೆ ಬೆಳಿಗ್ಗೆ ಯಂತ್ರದ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ತಪ್ಪು ದಿನಾಂಕದ ಯಂತ್ರದಲ್ಲಿ ಬ್ಯಾಂಕಿನ ಪುಟವಾಗಲಿ ಸರ್ಕಾರಿ ಪೋರ್ಟಲ್ ಆಗಲಿ ತೆರೆಯದೆ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಡಿಜಿಟಲ್ ಸಹಿಯೂ ಕೆಲಸ ಮಾಡುವುದಿಲ್ಲ. ಕೌಂಟರಿನ ಆಚೆ ಬದಿಯಲ್ಲಿ, ಸಾಲದ ನವೀಕರಣಕ್ಕೆಂದು ಬಸ್ಸಿನಲ್ಲಿ ಬಂದು ನಿಂತ ರೈತರಿಗೆ ಮಾತ್ರ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತದೆ. ಸರ್ವರ್ ತನ್ನ ಪಾಡಿಗೆ ತಾನು ಚೆನ್ನಾಗಿಯೇ ಇರುತ್ತದೆ. ಇದನ್ನೂ ಯಂತ್ರ ಹಳೆಯದಾಯಿತು ಎಂಬ ಲೆಕ್ಕಕ್ಕೇ ಸೇರಿಸಲಾಗುತ್ತದೆ.

ಕರೆಂಟ್ ಹೋದಾಗ ಕೆಲ ಹೊತ್ತು ಯಂತ್ರವನ್ನು ನಡೆಸುವ ಯುಪಿಎಸ್ ಕಥೆಯೂ ಹೆಚ್ಚು ಬೇರೆಯಲ್ಲ. ಅದರೊಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ. ಬಳಿಕ ಯುಪಿಎಸ್ ಎಂಬುದು ಭಾರವಾದ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಅಷ್ಟೇ. ಮರದ ಕೊಂಬೆ ಲೈನಿನ ಮೇಲೆ ಬಿದ್ದು ಕರೆಂಟ್ ಹೋದ ಕ್ಷಣಕ್ಕೆ, ಅರ್ಧ ಬರೆದ ನಮೂದಿನ ಸಮೇತ ಯಂತ್ರ ನಿಲ್ಲುತ್ತದೆ, ಡೇಟಾ ಫೈಲ್ ಕೆಡುತ್ತದೆ. ಇದರ ಜೊತೆಗೆ ಲೇಸರ್ ಪ್ರಿಂಟರನ್ನೂ ಅದೇ ಯುಪಿಎಸ್‌ಗೆ ಸಿಕ್ಕಿಸುವ ಅಭ್ಯಾಸ ಬೇರೆ ಇದೆ. ಟೋನರ್ ಕಾಯಿಸಿ ಅಂಟಿಸಲು ಆ ಪ್ರಿಂಟರ್ ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳಲಾರದು.

ಇಷ್ಟು ಅಗ್ಗದ ಬಿಡಿಭಾಗಗಳನ್ನು ಯಾರೂ ಏಕೆ ಕೊಳ್ಳುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಹೊಸ ಕಂಪ್ಯೂಟರ್ ಖರೀದಿಗೆ ಬಜೆಟ್ಟಿನಲ್ಲಿ ಒಂದು ಶೀರ್ಷಿಕೆ ಇರುತ್ತದೆ, ಮೂರು ಕೊಟೇಶನ್ ಬರುತ್ತವೆ, ಠರಾವಾಗುತ್ತದೆ, ಮಹಾಸಭೆಯ ವರದಿಯಲ್ಲಿ ‘ಗಣಕೀಕರಣಕ್ಕೆ ಒತ್ತು’ ಎಂದು ಅಚ್ಚಾಗುತ್ತದೆ. ಒಂದು ಎಸ್‌ಎಸ್‌ಡಿ ಬದಲಾಯಿಸಲು ಮಾತ್ರ ಶೀರ್ಷಿಕೆ ಸಿಗುವುದಿಲ್ಲ. ಊರಿನ ರಿಪೇರಿ ಅಂಗಡಿಯವರು ಜಿಎಸ್‌ಟಿ ಬಿಲ್ ಕೊಡದಿದ್ದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆಂಬ ಭಯ ಬೇರೆ. ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡವರು ಬ್ಲೋಯರ್‌ನಿಂದ ಧೂಳು ಊದಿ, ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಅದು ಸ್ವಾಗತಾರ್ಹವೇ. ಆದರೆ ಯಾವ ಯೋಜನೆಯಿಂದ ಯಂತ್ರ ಬಂದರೂ, ಮೂರನೆಯ ವರ್ಷ ಅದರ ಬ್ಯಾಟರಿಗೆ ಹಣ ಇಡುವ ಹೊಣೆ ಸಂಘದ ಮೇಲೆಯೇ ಬೀಳುತ್ತದೆ.

ಖರೀದಿಯ ಆಯ್ಕೆಯಲ್ಲೂ ಯಂತ್ರದ ಮುಂದೆ ದಿನವಿಡೀ ಕೂರುವವರನ್ನು ಯಾರೂ ಕೇಳುವುದಿಲ್ಲ. ಮೇಜು ಅಂದವಾಗಿ ಕಾಣುತ್ತದೆಂದು ಪರದೆಯೊಳಗೇ ಇಡೀ ಯಂತ್ರವಿರುವ ಆಲ್-ಇನ್-ಒನ್ ಮಾದರಿ ತರಿಸುತ್ತಾರೆ. ಪರದೆಯೊಂದು ಕೆಟ್ಟರೂ ಇಡೀ ಯಂತ್ರ ಮಂಗಳೂರಿಗೋ ಬೆಂಗಳೂರಿಗೋ ರಿಪೇರಿಗೆ ಹೋಗಬೇಕಾಗುತ್ತದೆ, ಅಲ್ಲಿಯವರೆಗೆ ಮೇಜು ಖಾಲಿ. ಬಿಡಿಬಿಡಿಯಾದ ಸಿಪಿಯು, ಮಾನಿಟರ್ ಇದ್ದರೆ ಬೇರೆ ಮಾನಿಟರ್ ತಂದಿಟ್ಟು ಅದೇ ದಿನ ಕೆಲಸ ಮುಂದುವರಿಸಬಹುದು. ಸೆಟ್ಟಿನ ಜೊತೆ ಬರುವ ಅಗ್ಗದ ಕೀಬೋರ್ಡಿನಲ್ಲಿ ವರ್ಷದೊಳಗೆ ಅಕ್ಷರಗಳು ಅಳಿಸಿ, ಸ್ಪೇಸ್ ಬಾರ್ ಒಂದು ಬದಿಗೆ ವಾಲುತ್ತದೆ. ಪ್ರತಿ ಕೀಲಿಗೂ ಪ್ರತ್ಯೇಕ ಸ್ವಿಚ್ ಇರುವ ಟಿವಿಎಸ್ ಗೋಲ್ಡ್ ಕೀಬೋರ್ಡನ್ನು ಹಳೆಯ ಗುಮಾಸ್ತರು ಸೀಟು ಬದಲಾದರೂ ಜೊತೆಗೇ ಒಯ್ಯುವುದನ್ನು ನೋಡಿ ಕಿರಿಯರು ನಗುತ್ತಾರೆ. ಕನ್ನಡದಲ್ಲಿ ಪುಟಗಟ್ಟಲೆ ನಡಾವಳಿ ಟೈಪ್ ಮಾಡಿದ ಬಳಿಕ ಅವರೂ ಅಂಥದನ್ನೇ ಹುಡುಕುತ್ತಾರೆ.

ಯಂತ್ರ ನಿಧಾನವಾದಾಗ ನೌಕರರು ಸುಮ್ಮನೆ ಕೂರುವುದಿಲ್ಲ, ತಮ್ಮ ಸ್ವಂತ ಮೊಬೈಲ್ ತೆಗೆಯುತ್ತಾರೆ. ಸ್ಕ್ಯಾನರ್ ಹಾಳಾಗಿದೆಯೆಂದು ಸದಸ್ಯರ ಆಧಾರ್ ಕಾರ್ಡ್, ಪಹಣಿ, ಪಾಸ್‌ಬುಕ್‌ಗಳ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಈಗ ಎಲ್ಲೆಡೆಯ ರೂಢಿ. ಆ ಚಿತ್ರಗಳು ಮನೆಯ ಮದುವೆಯ ಫೋಟೊಗಳ ನಡುವೆ ಗ್ಯಾಲರಿಯಲ್ಲಿ ಉಳಿಯುತ್ತವೆ. ನೌಕರ ಫೋನ್ ಮಾರಿದಾಗಲೋ, ಮಗುವಿನ ಕೈಗೆ ಕೊಟ್ಟಾಗಲೋ ಅವುಗಳ ಗತಿ ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆ ನೌಕರರನ್ನು ಬೈದು ಪ್ರಯೋಜನವಿಲ್ಲ, ಕಚೇರಿಯ ಸ್ಕ್ಯಾನರ್ ಸರಿಯಿದ್ದರೆ ಅವರು ಫೋನ್ ತೆಗೆಯುತ್ತಿರಲಿಲ್ಲ.

ಆದ್ದರಿಂದ ಆಡಳಿತ ಮಂಡಳಿಗಳು ಮುಂದಿನ ಆಯವ್ಯಯದಲ್ಲಿ ಕಂಪ್ಯೂಟರ್ ಬಿಡಿಭಾಗ ಮತ್ತು ದುರಸ್ತಿಗೆಂದೇ ಒಂದು ಪ್ರತ್ಯೇಕ ಶೀರ್ಷಿಕೆ ತೆರೆದು, ಕಾರ್ಯದರ್ಶಿಯ ಹಂತದಲ್ಲೇ ಖರ್ಚು ಮಾಡುವ ಅಧಿಕಾರ ಕೊಡಬೇಕೆಂದೂ, ಪ್ರತಿ ಯಂತ್ರವನ್ನು ತೆರೆದು ನೋಡಿದ ಬಗ್ಗೆ ಒಂದು ಪುಟದ ಟಿಪ್ಪಣಿಯಿಲ್ಲದೆ ಹೊಸ ಸೆಟ್ಟಿನ ಠರಾವು ಮಾಡಬಾರದೆಂದೂ ಈ ಮೂಲಕ ಕೋರುತ್ತೇನೆ. ಬದಲಾಯಿಸಲೇಬೇಕಾದ ಯಂತ್ರಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದು ನಿಲ್ಲಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಕರಣೆದಾರರಿಗೆ ಅವು ತಲುಪಬೇಕು. ಅದಕ್ಕೂ ಮೊದಲು ಹಾರ್ಡ್ ಡಿಸ್ಕುಗಳನ್ನು ಬಿಚ್ಚಿ ತೆಗೆದು, ಬೇಕಾದ ಕಡತಗಳನ್ನು ನಕಲು ಮಾಡಿಕೊಂಡು, ಉಳಿದುದನ್ನು ಪೂರ್ತಿ ಅಳಿಸಿದ ಬಗ್ಗೆ ಕಾರ್ಯದರ್ಶಿಯವರು ಲಿಖಿತವಾಗಿ ದೃಢೀಕರಿಸಲಿ.

ಇಂತಿ ತಮ್ಮ ವಿಶ್ವಾಸಿ,
ಸಹಕಾರ ಸಂಘವೊಂದರ ಲೆಕ್ಕಿಗ,
ಚಿಕ್ಕಮಗಳೂರು ತಾಲ್ಲೂಕು